ಮಾವನ ಎಡಗಾಲು ಮತ್ತು ಮೂರನೇ ಗೇರ್

ಪುಟ್ಟಪ್ಪ ಮಾವ ವಂಡಿ ಓಡಿಸುವಾಗ ಗೇರ್ ಯಾವಾಗ ಬದಲಾಯಿತು ಎಂಬುದು ಪಕ್ಕದಲ್ಲಿ ಕೂತವರಿಗೆ ಗೊತ್ತೇ ಆಗುತ್ತಿರಲಿಲ್ಲ. ಹೆಚ್ಚು ಮಾಡಿ ಹೇಳುತ್ತಿಲ್ಲ. ಏಳನೇ ಕ್ಲಾಸಿನಲ್ಲಿದ್ದಾಗ ಒಮ್ಮೆ ತುಂಬಿದ ಮಜ್ಜಿಗೆ ಲೋಟ ಹಿಡಿದುಕೊಂಡು ಅವರ ಪಕ್ಕ ಕೂತಿದ್ದೆ. ಸೇಲಂ ಬಿಟ್ಟು ಓಮಲೂರು ಬಂದರೂ ಒಂದು ಹನಿ ನನ್ನ ಪಾವಾಡೆ ಲಂಗದ ಮೇಲೆ ಬಿದ್ದಿರಲಿಲ್ಲ. ಕುಡಿಯುವುದನ್ನೇ ಮರೆತು ಲೋಟ ನೋಡುತ್ತಾ ಕೂತಿದ್ದೆ. ನನಗೆ ವಂಡಿಗಳ ಹುಚ್ಚು ಹಿಡಿದದ್ದು ಆವತ್ತೇ ಇರಬೇಕು.

ಮಾವ ಅಂದರೆ ಅಮ್ಮನ ಅಣ್ಣ. ಮೂವತ್ತೈದು ವಯಸ್ಸಿನವರೆಗೂ ಕನ್ನಡ ಮಾತಾಡುವ ನಮ್ಮ ನೇಕಾರರ ಬೀದಿಯ ಎಲ್ಲರಂತೆ ಗುಂಡಿಮಗ್ಗದಲ್ಲಿ ಕಾಲಿಳಿಸಿ ಕೂತು ಸೀರೆ ನೇಯ್ದವರು. ಆಮೇಲೆ ಪಿಕಪ್ ವಂಡಿ ಹಿಡಿದರು. ಕೆಲಸ ಆಗಲೂ ನೇಯ್ಗೆಯದೇ. ಸೇಲಂನಲ್ಲಿ ಸುತ್ತಿ ಸಿದ್ಧವಾದ ಹಾಸುಗಳನ್ನು, ಅಂದರೆ ಸೀರೆಯ ಉದ್ದೆಳೆಗಳ ಸುರುಳಿಗಳನ್ನು, ಕಡಯಂಪಟ್ಟಿಯಿಂದ ಕಾರಿಮಂಗಲದವರೆಗೆ ಅಲ್ಲೊಂದು ಇಲ್ಲೊಂದು ಇರುವ ಮಗ್ಗದ ಮನೆಗಳಿಗೆ ತಲುಪಿಸಿ, ನೇಯ್ದು ಮುಗಿದ ಸೀರೆಗಳನ್ನು ವಾಪಸ್ ತರಬೇಕು. ವಾರಕ್ಕೆ ಎರಡು ಸಲ, ಸೋಮವಾರ ಮತ್ತು ಗುರುವಾರ.

ನನಗೆ ಓಡಿಸಲು ಕಲಿಸಿದ್ದು ಅವರೇ. ಡ್ರೈವಿಂಗ್ ಸ್ಕೂಲಿನವರು ಕ್ಲಚ್ ಅಂದರೆ ಏನು ಎಂದು ಹೇಳಲೇ ಇಲ್ಲ, ಒತ್ತು ಅಂದರು ಅಷ್ಟೆ. ಮಾವ ಹೇಳಿದರು.

"ಲೇ ಭುವನಾ, ಮಗ್ಗದಲ್ಲಿ ಕಾಲ್ ತುಳಿದ್ರೆ ಏನಾಗ್ತೈತೆ?"

"ಎಳೆ ಮೇಲೆ ಕೆಳಗೆ ಬಿಟ್ಕೊಳ್ತೈತೆ."

"ಆಗ ಲಾಳಿ ಓಗಕ್ಕೆ ದಾರಿ. ಕ್ಲಚ್ಚೂ ಅದೇ. ತುಳಿ, ದಾರಿ ಬಿಡು, ಗೇರ್ ಆಕು, ಕಾಲೆತ್ತು. ದಾರಿ ಬಿಡ್ದೆ ಲಾಳಿ ಎಸೆದ್ರೆ?"

"ಎಳೆ ಕಡೀತೈತೆ."

"ಮುಗೀತು. ಇದಕ್ಕ್ಯಾಕೆ ಸ್ಕೂಲು."

ಬಿ.ಕಾಂ. ಮುಗಿಸಿ ಮನೆಯಲ್ಲಿದ್ದ ನನ್ನನ್ನು ಮಾವ ಜೊತೆಗೆ ಕರೆದುಕೊಂಡು ಹೋಗಲು ಶುರು ಮಾಡಿದಾಗ ಅಮ್ಮನಿಗೆ ಇಷ್ಟವಿರಲಿಲ್ಲ. ಅಮ್ಮನ ಹೆಸರು ನಾರಾಯಣಮ್ಮ. ಮನೆಯಲ್ಲಿ ಅವರ ಮಾತಿಗೆ ಮೇಲ್ಮನವಿ ಇಲ್ಲ. "ಅಣ್ಣ ಏಳ್ತಾನೆ ಅಂತ ಬಿಡ್ತಾ ಇದೀನಿ. ನಿನ್ನಿಂದ ಆ ವಂಡೀಗೆ ಒಂದ್ ಚೂರು ಏನಾರ ಆಯ್ತೋ, ಆವತ್ತೇ ಕೊನೆ. ಆಮೇಲೆ ಕೀ ಮುಟ್ಟಂಗಿಲ್ಲ" ಅಂದರು. ಹೂಂ ಅಂದೆ. ಯಾವುದಕ್ಕೆ ಬೇಕಾದರೂ ಹೂಂ ಅನ್ನುತ್ತಿದ್ದೆ.

ನನ್ನ ಪಾಲಿಗೆ ಸಿಕ್ಕಿದ್ದು ವಾಪಸ್ ಬರುವಾಗಿನ ಸಮತಟ್ಟು ರಸ್ತೆ. ತೊಪ್ಪೂರಿನ ಘಾಟು ಇಳಿದ ಮೇಲೆ ಮಾವ ವಂಡಿ ರಸ್ತೆ ಬದಿಗೆ ನಿಲ್ಲಿಸಿ ಸೀಟು ಬಿಟ್ಟುಕೊಡುತ್ತಿದ್ದರು. ಅಲ್ಲಿಂದ ಓಮಲೂರಿನವರೆಗೆ ನಾನು. ಎರಡು ತಿಂಗಳು ಎಚ್ಚರವಾಗಿ ಕೂತು ನನ್ನ ಕೈಕಾಲು ನೋಡಿದರು. ಮೂರನೇ ತಿಂಗಳು ಕಿಟಕಿಗೆ ತಲೆಯಾನಿಸಿ ನಿದ್ದೆ ಮಾಡತೊಡಗಿದರು. ಅದಕ್ಕಿಂತ ದೊಡ್ಡ ಲೈಸೆನ್ಸ್ ಯಾವ ಆಫೀಸಿನಲ್ಲೂ ಕೊಡುವುದಿಲ್ಲ.

ಆ ನಿದ್ದೆಯನ್ನೇ ನಾನು ಬಳಸಿಕೊಂಡೆ.

ವಂಡಿ ಹುಚ್ಚಿನವರ ಒಂದು ವಾಟ್ಸ್ಯಾಪ್ ಗ್ರೂಪಿನಲ್ಲಿ ನಾನಿದ್ದೇನೆ. ಅದರಲ್ಲಿ ಯಾರೋ ಒಂದು ವಿಡಿಯೋ ಹಾಕಿದರು. ಯಾವುದೋ ದೇಶದ ಲಾರಿ ಡ್ರೈವರ್ ಕ್ಲಚ್ ಮುಟ್ಟದೆ ಗೇರ್ ಮೇಲೆ ಗೇರ್ ಹಾಕುತ್ತಿದ್ದಾನೆ. ಆಕ್ಸಿಲರೇಟರ್ ಒಂದಿಷ್ಟು ಬಿಡುತ್ತಾನೆ, ಲಿವರ್ ತಾನಾಗಿ ನ್ಯೂಟ್ರಲ್‌ಗೆ ಜಾರುತ್ತದೆ, ಇಂಜಿನ್ನಿನ ಸದ್ದು ಇಳಿಯುವವರೆಗೆ ಒಂದು ಉಸಿರು ಕಾಯುತ್ತಾನೆ, ಎರಡು ಬೆರಳಲ್ಲಿ ಮುಂದಿನ ಗೇರಿಗೆ ತಳ್ಳುತ್ತಾನೆ. ಎಡಗಾಲು ಸುಮ್ಮನೆ ಮಲಗಿದೆ. ಹತ್ತು ಸಲ ನೋಡಿದೆ. ಗ್ರೂಪಿನಲ್ಲಿ ಇದರಿಂದ ಗೇರ್‌ಬಾಕ್ಸ್ ಹಾಳಾಗುತ್ತದೋ ಇಲ್ಲವೋ ಎಂದು ಜಗಳ ಹತ್ತಿಕೊಂಡಿತು. ಇಂಜಿನ್ ವೇಗ ಸರಿಹೊಂದಿದರೆ ಏನೂ ಆಗಲ್ಲ ಎಂದು ಬರೆದವರಲ್ಲಿ ನಾನೂ ಒಬ್ಬಳು. ಆಗಿನ್ನೂ ಒಂದು ಸಲವೂ ಮಾಡಿ ನೋಡಿರಲಿಲ್ಲ. ಅವನ ಲಾರಿಯ ಗೇರ್‌ಬಾಕ್ಸೇ ಬೇರೆ ಜಾತಿಯದು, ಸಣ್ಣ ವಂಡಿಗಳಲ್ಲಿ ಹೀಗೆ ಮಾಡಬೇಡಿ ಎಂದು ವಿಡಿಯೋದ ಕೊನೆಯಲ್ಲಿ ಅವನೇ ಹೇಳಿದ್ದನಂತೆ. ನಾನು ಕೊನೆಯವರೆಗೆ ನೋಡಿರಲಿಲ್ಲ.

ಮೊದಲ ಸಲ ಮೂರರಿಂದ ನಾಲ್ಕಕ್ಕೆ ಹಾಕಿದಾಗ ಗೇರ್ ಹೇಗೆ ಹೋಗಿ ಕೂತಿತು ಅಂದರೆ, ಸೂಜಿ ಕಣ್ಣಿಗೆ ದಾರ ಒಂದೇ ಏಟಿಗೆ ಹೋದ ಹಾಗೆ. ಮೈ ಜುಮ್ಮೆಂದಿತು. ಪಕ್ಕದಲ್ಲಿ ಮಾವ ನಿದ್ದೆಯಲ್ಲಿದ್ದರು. ಯಾರಿಗಾದರೂ ತೋರಿಸಬೇಕು ಅನಿಸಿತು, ತೋರಿಸುವ ಹಾಗಿರಲಿಲ್ಲ.

ಆಮೇಲೆ ಪ್ರತಿ ಸಲವೂ ಅದೇ. ಮೇಲಿನ ಗೇರಿಗೆ ಹೋಗುವುದು ಸುಲಭ. ನಾಲ್ಕರಿಂದ ಮೂರಕ್ಕೆ ಇಳಿಯುವಾಗ ಮಾತ್ರ ಆಕ್ಸಿಲರೇಟರನ್ನು ಸರಿಯಾದ ಅಳತೆಗೆ ಒತ್ತಬೇಕು, ಕೂದಲೆಳೆಯಷ್ಟು ತಪ್ಪಿದರೂ ಕರ್ರ್ ಎನ್ನುತ್ತಿತ್ತು. ಹತ್ತರಲ್ಲಿ ಎಂಟು ಸಲ ಸರಿಹೋಗುತ್ತಿತ್ತು. ಉಳಿದ ಎರಡು ಸಲವನ್ನು ನಾನು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ.

ಒಂದು ಸಲ ಮಾವ ಕಣ್ಣು ತೆರೆದರು.

"ಏನ್ಲೇ ಸದ್ದು?"

"ರೋಡ್ ಮಾವ. ಪ್ಯಾಚ್ ಆಕವ್ರೆ."

"ಓ" ಅಂದು ಮತ್ತೆ ಕಣ್ಣು ಮುಚ್ಚಿದರು. ರಸ್ತೆ ನುಣ್ಣಗಿತ್ತು.

ನಾಲ್ಕು ತಿಂಗಳಾದ ಮೇಲೆ, ಒಂದು ಸೋಮವಾರ ಬೆಳಿಗ್ಗೆ, ಮಾವ ಕ್ಲಚ್ ಒತ್ತಿ ಮೂರನೇ ಗೇರ್ ಹಾಕುವಾಗಲೇ ಕರ್ರ್ ಎಂದಿತು. ಅವರ ಕೈಯಲ್ಲಿ ಆ ಸದ್ದು ಬಂದದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಅವರೂ ಕೇಳಿರಲಿಲ್ಲ ಅಂತ ಮುಖ ನೋಡಿದರೇ ಗೊತ್ತಾಗುತ್ತಿತ್ತು. ತಲೆ ಬಗ್ಗಿಸಿ ತಮ್ಮ ಎಡಗಾಲು ನೋಡಿಕೊಂಡರು. ಗೇರ್ ಲಿವರ್ ಕಡೆ ನೋಡಲಿಲ್ಲ. ಇನ್ನೊಮ್ಮೆ ಒತ್ತಿದರು, ಈ ಸಲ ಹಲ್ಲು ಕಚ್ಚಿ.

ನಮ್ಮ ಬೀದಿಯಲ್ಲಿ ಐವತ್ತು ದಾಟಿದ ಯಾರನ್ನೇ ಕೇಳಿ, ಮಗ್ಗದ ಗುಂಡಿ ಅವರ ಮೊಣಕಾಲನ್ನು ತಿಂದಿರುತ್ತದೆ. ಮೆಟ್ಟಿಲು ಹತ್ತಲಾಗದಿದ್ದರೂ ಅದೇ ಕಾರಣ, ರಾತ್ರಿ ನಿದ್ದೆ ಬರದಿದ್ದರೂ ಅದೇ. ಬೇರೆ ಊರಿನ ಡ್ರೈವರ್ ಆಗಿದ್ದರೆ ಗೇರ್‌ಬಾಕ್ಸ್ ಮೇಲೆ ಅನುಮಾನ ಪಡುತ್ತಿದ್ದ. ನಮ್ಮವರು ಕಾಲಿನ ಮೇಲೆ ಪಡುತ್ತಾರೆ.

"ಕಾಲ್ ಪೂರಾ ಇಳೀತಾ ಇಲ್ವೇನೋ" ಅಂದರು ಮಾವ, ತಮಗೇ ಎಂಬಂತೆ. ಮಾರನೇ ವಾರ ಸೀಟನ್ನು ಮುಂದಕ್ಕೆ ಎಳೆದುಕೊಂಡರು. ಅದರ ಮಾರನೇ ವಾರ ಬೆನ್ನಿಗೆ ಒಂದು ದಿಂಬು ಬಂತು. ಸಂಜೆ ಜಗುಲಿ ಮೇಲೆ ಕೂತು ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು. ನಾನು ಕ್ಲಚ್ ಇಲ್ಲದ ಆಟವನ್ನು ಆವತ್ತಿನಿಂದಲೇ ನಿಲ್ಲಿಸಿದ್ದೆ. ನಿಲ್ಲಿಸಿದರೆ ಸರಿಹೋಗುತ್ತದೆ ಅಂದುಕೊಂಡಿದ್ದೆ, ಗಾಯ ಮಾಯುವ ಹಾಗೆ. ಲೋಹ ಮಾಯುವುದಿಲ್ಲ.

ಹೇಳಬಹುದಿತ್ತು. ಜಗುಲಿಯ ಆ ಕಡೆ ಅವರು, ಈ ಕಡೆ ನಾನು, ಮಧ್ಯೆ ಎಣ್ಣೆ ಬಟ್ಟಲು. ಆದರೆ ಅಡುಗೆಮನೆಯಲ್ಲಿ ಅಮ್ಮ ಇದ್ದರು. ಹೇಳಿದರೆ ಕೀ ಹೋಗುತ್ತದೆ. ನಾಳೆ ಹೇಳೋಣ ಅಂದುಕೊಂಡು ಎಣ್ಣೆ ಬಟ್ಟಲನ್ನು ಅವರ ಕಡೆ ಸರಿಸಿದೆ.

ತೊಪ್ಪೂರಿನ ಏರಿನಲ್ಲಿ ಗೇರ್‌ಬಾಕ್ಸ್ ಕೈಕೊಟ್ಟಿತು. ಗುರುವಾರ, ಬೆಳಿಗ್ಗೆ ಒಂಬತ್ತು ಗಂಟೆ, ಹಿಂದೆ ಇಪ್ಪತ್ತೆರಡು ಹಾಸುಗಳು. ಮಾವ ಮೂರರಲ್ಲಿ ಏರುತ್ತಿದ್ದರು. ಟಕ್ ಎಂದು ಲಿವರ್ ತಾನಾಗಿ ನ್ಯೂಟ್ರಲ್‌ಗೆ ಬಂದು ಬಿತ್ತು. ಇಂಜಿನ್ ಬೊಬ್ಬೆ ಹೊಡೆಯಿತು, ವಂಡಿ ಸೋತಿತು. ಮಾವ ಕ್ಲಚ್ ಒತ್ತಿ ಮತ್ತೆ ಮೂರಕ್ಕೆ ತಳ್ಳಿದರು. ಹೋಗಲಿಲ್ಲ, ಕಲ್ಲು ಅರೆದ ಸದ್ದು ಬಂತು. ವಂಡಿ ನಿಂತು ಒಂದು ಮಾರು ಹಿಂದಕ್ಕೆ ಜಾರಿತು. ಹಿಂದಿದ್ದ ಲಾರಿ ಹಾರನ್ ಒತ್ತಿ ಹಿಡಿಯಿತು. ಮಾವ ಹ್ಯಾಂಡ್‌ಬ್ರೇಕ್ ಎಳೆದು, ಒಂದನೇ ಗೇರ್ ಹಾಕಿ, ತೆವಳಿಸುತ್ತಾ ರಸ್ತೆ ಬದಿಗೆ ತಂದು ನಿಲ್ಲಿಸಿದರು. ಲಾರಿಯವನು ಪಕ್ಕಕ್ಕೆ ಬಂದು ಕಿಟಕಿಯಿಂದ ತಲೆ ಹಾಕಿದ.

"ಯೋವ್ ಪೆರುಸು, ಕಾಲ್ ವರಲೇನ್ನಾ ವೀಟ್ಲ ಉಕ್ಕಾರು." ಕಾಲು ಬರದಿದ್ದರೆ ಮನೆಯಲ್ಲಿ ಕೂತ್ಕೋ ಮುದುಕಾ ಅಂತ.

ಯಾರ ಬೈಗುಳಕ್ಕೂ ತಿರುಗಿಸಿ ಕೊಡದೆ ಬಿಟ್ಟವರಲ್ಲ ಮಾವ. ಆವತ್ತು ಬಗ್ಗಿ ಎಡ ಮೊಣಕಾಲು ಒತ್ತಿಕೊಂಡರು.

ಎಳೆಸಿಕೊಂಡು ಕಡಯಂಪಟ್ಟಿಗೆ, ಕಾಳಿಯಪ್ಪನ್ ಶೆಡ್ಡಿಗೆ ಬಂದೆವು. ಇಪ್ಪತ್ತು ವರ್ಷದಿಂದ ಮಾವನ ವಂಡಿಗೆ ಅವರೇ ಮೆಕ್ಯಾನಿಕ್, ನಮ್ಮ ಕನ್ನಡ ಅವರಿಗೆ ಅರ್ಥವಾಗುತ್ತದೆ. ಗೇರ್‌ಬಾಕ್ಸ್ ಇಳಿಸಿ ಆಯಿಲನ್ನು ತಟ್ಟೆಗೆ ಬಸಿದರು. ಬಿಸಿಲಿಗೆ ಆಯಿಲ್ ಮಿನುಗುತ್ತಿತ್ತು. ಜರಿ ಕತ್ತರಿಸುವಾಗ ನೆಲದ ಮೇಲೆ ಉದುರುತ್ತದಲ್ಲ, ಆ ಬಣ್ಣದ ಪುಡಿ.

"ಪಿತ್ತಾಳೈ" ಅಂದರು ಕಾಳಿಯಪ್ಪನ್. ಹಿತ್ತಾಳೆ.

ಆಮೇಲೆ ಒಂದು ಉಂಗುರ ತೆಗೆದು ಮಾವನ ಅಂಗೈ ಮೇಲಿಟ್ಟರು. ಸಿಂಕ್ರೋ ರಿಂಗ್. ಸಣ್ಣ ವಂಡಿಗಳಲ್ಲಿ ಒಂದೊಂದು ಗೇರಿಗೂ ಇಂಥದ್ದೊಂದು ಇರುತ್ತದೆ. ಗೇರ್ ಬೀಳುವ ಮೊದಲು ಎರಡು ಕಡೆಯ ವೇಗವನ್ನು ಉಜ್ಜಿ ಉಜ್ಜಿ ಒಂದು ಮಾಡುವುದು ಇದರ ಕೆಲಸ. ಕ್ಲಚ್ ಒತ್ತಿದ್ದರೆ ಹಗುರ ಕೆಲಸ. ಒತ್ತದಿದ್ದರೆ ಇಡೀ ಇಂಜಿನ್ನಿನ ಭಾರವನ್ನು ಬಳೆಯಷ್ಟು ದಪ್ಪದ ಇದೇ ಎಳೆಯಬೇಕು. ಮೂರನೆಯದರ ಹಲ್ಲುಗಳು ಚಪ್ಪರಿಸಿದ ಪೆಪ್ಪರ್‌ಮಿಂಟಿನ ಹಾಗೆ ಸವೆದಿದ್ದವು.

"ಕ್ಲಚ್ ಮುಳುಸಾ ಮಿದಿಕ್ಕಾಮ ಗೇರ್ ಪೋಟ್ಟಿರುಕ್ಕು ಮಾಮಾ" ಅಂದರು ಕಾಳಿಯಪ್ಪನ್. ಪೂರ್ತಿ ಕ್ಲಚ್ ಒತ್ತದೆ ಗೇರ್ ಹಾಕಿದ್ದಾರೆ, ಅದೂ ಒಂದೆರಡು ದಿನದ್ದಲ್ಲ. ಆಮೇಲೆ ಮಾವನ ಕಾಲಿನ ಕಡೆ ನೋಡಿ ಮೆತ್ತಗೆ ಕೇಳಿದರು, "ಕಾಲ್ ವಲಿಯಾ?" ಕಾಲು ನೋವಾ ಅಂತ.

ಮಾವ ಉಂಗುರವನ್ನು ತಿರುಗಿಸಿ ತಿರುಗಿಸಿ ನೋಡಿದರು. "ಹೂಂ ಕಣಪ್ಪ. ನಂದೇ ಕಾಲು."

"ಪಾಪ ಓಟ್ಟುದಾ?" ಹುಡುಗಿಯೂ ಓಡಿಸುತ್ತಾಳಾ ಎಂದು ಅವರು ನನ್ನ ಕಡೆ ತಿರುಗಿದರು.

"ಅವ್ಳ್ ಓಡ್ಸೋದು ಸಮರೋಡಲ್ಲಿ. ಅವ್ಳ ಕಾಲು ಗಟ್ಟಿ. ನಾನ್ ಕಲ್ಸಿರದು" ಅಂದರು ಮಾವ.

ಆಗ ಬಾಯಿ ತೆರೆದೆ. ನಿಜವಾಗಿಯೂ ತೆರೆದೆ. "ಅಣ್ಣಾ, ರೆಡಿಯಾಗಕ್ಕೆ ಎಷ್ಟ್ ದಿನ ಆಗ್ತೈತೆ?" ಎಂಬ ಮಾತು ಹೊರಗೆ ಬಂತು.

ಆವತ್ತು ಸಂಜೆ ಮನೆಯಲ್ಲಿ ಮಾವ ಅಮ್ಮನನ್ನು ಕೂರಿಸಿಕೊಂಡು ಹೇಳಿದರು. "ನಾರಾಯಣೀ, ನನ್ ಕಾಲು ಮುಗೀತು. ಇವತ್ತು ಏರಲ್ಲಿ ಆ ಲಾರಿ ಬಂದ್ ಗುದ್ದಿದ್ರೆ ನಿನ್ ಮಗ್ಳೂ ಇರ್ತಿರ್ಲಿಲ್ಲ. ಇನ್ಮೇಲೆ ಇವ್ಳೇ ಓಡ್ಸ್ಲಿ. ನಾನ್ ಪಕ್ಕದಲ್ಲಿ ಕೂತಿರ್ತೀನಿ."

ಅಮ್ಮ ನನ್ನನ್ನೇ ನೋಡಿದರು. ಬೈಯುತ್ತಾರೆ ಅಂದುಕೊಂಡೆ, ಬೈದಿದ್ದರೆ ಹೇಳಿಬಿಡುತ್ತಿದ್ದೆನೇನೋ. "ಮಾವನ್ ಮರ್ಯಾದೆ ಉಳ್ಸು" ಅಂದರು. ವಂಡಿಯ ಕೀ ನನ್ನ ಕೈಗೆ ಬಂತು. ಎಷ್ಟು ವರ್ಷದಿಂದ ಬೇಕಿತ್ತು ಅದು.

ಹೊಸ ರಿಂಗ್ ಹಾಕಿದ ವಂಡಿಯನ್ನು ನಾನು ಓಡಿಸಿದೆ, ಏರಿನಲ್ಲೂ ಇಳಿಜಾರಿನಲ್ಲೂ. ಮಾವ ಪಕ್ಕದಲ್ಲಿ. ಅವರು ಈಗ ನಿದ್ದೆ ಮಾಡುತ್ತಿರಲಿಲ್ಲ. ನಾನು ಗೇರ್ ಹಾಕಿದಾಗಲೆಲ್ಲ ಅವರ ಎಡಗಾಲು ಮ್ಯಾಟನ್ನು ಒತ್ತುತ್ತಿತ್ತು. ಅವರಿಗೇ ಅದು ಗೊತ್ತಾಗುತ್ತಿತ್ತೋ ಇಲ್ಲವೋ.

ಒಂದೂವರೆ ತಿಂಗಳಲ್ಲಿ ಆ ಕಾಲಿನ ಮೇಲಿನ ಅಪನಂಬಿಕೆ ಎಲ್ಲ ಕಡೆಗೂ ಹಬ್ಬಿತು. ಮೊದಲು ಸ್ಕೂಟರ್ ಬಿಟ್ಟರು. ಆಮೇಲೆ ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿದರು. ಟೀ ಅಂಗಡಿಯವರೆಗೆ ನಡೆದು ಹೋಗುತ್ತಿದ್ದವರು ಮನೆಗೇ ಟೀ ತರಿಸಿಕೊಂಡರು. ಒಂದು ಗುರುವಾರ ಊರುಗೋಲು ಹಿಡಿದುಕೊಂಡು ವಂಡಿ ಹತ್ತಲು ಬಂದರು.

"ಇದ್ಯಾಕೆ ಮಾವ?"

"ನಿಮ್ಮತ್ತೆ ತಂದವ್ಳೆ. ಚೆಂದಾಗೈತಲ್ಲ, ಬೆತ್ತದ್ದು."

ಕಾರಿಮಂಗಲ ತಲುಪುವವರೆಗೂ ಆ ಕೋಲು ನನಗೂ ಅವರಿಗೂ ಮಧ್ಯೆ ಇತ್ತು. ವಾಪಸ್ ಬರುವಾಗ, ಘಾಟು ಇಳಿದ ಮೇಲೆ, ವಂಡಿ ರಸ್ತೆ ಬದಿಗೆ ನಿಲ್ಲಿಸಿ ಎಲ್ಲ ಹೇಳಿದೆ. ವಿಡಿಯೋ, ಅವರ ನಿದ್ದೆ, ಪ್ಯಾಚ್ ಹಾಕಿದ್ದಾರೆ ಅಂದ ಸುಳ್ಳು, ನಾಲ್ಕು ತಿಂಗಳು, ಎಲ್ಲ. ನಿಮ್ಮ ಕಾಲಿಗೆ ಏನೂ ಆಗಿಲ್ಲ ಮಾವ ಅಂದೆ. ಅಳು ಬಂತು.

ಮಾವ ಪೂರ್ತಿ ಕೇಳಿದರು. ಆಮೇಲೆ ನಕ್ಕರು.

"ಕ್ಲಚ್ ಇಲ್ದೆ ಗೇರ್ ಬೀಳ್ತೈತಾ? ಸುಮ್ನಿರು ಕಂದಾ. ಮಾವಂಗೆ ಸಮಾಧಾನ ಮಾಡಕ್ಕೆ ಕತೆ ಕಟ್ಬೇಡ."

"ಸತ್ಯ ಮಾವ. ತೋರಿಸ್ಲಾ?"

"ತೋರ್ಸು ಮತ್ತೆ."

ವಂಡಿ ಎಬ್ಬಿಸಿದೆ. ಎಡಗಾಲನ್ನು ಸೀಟಿನ ಕೆಳಕ್ಕೆ ಮಡಚಿಕೊಂಡು ಅವರಿಗೆ ತೋರಿಸಿದೆ. ಮೂರರಲ್ಲಿ ವೇಗ ಹಿಡಿಸಿ, ಆಕ್ಸಿಲರೇಟರ್ ಒಂದಿಷ್ಟು ಬಿಟ್ಟು, ನ್ಯೂಟ್ರಲ್, ಒಂದು ಉಸಿರು, ನಾಲ್ಕು. ಸದ್ದೇ ಇಲ್ಲ. ನಾಲ್ಕು ತಿಂಗಳು ಪಳಗಿದ ಕೈ, ಹೊಸ ರಿಂಗು. ಗೇರ್ ಬೆಣ್ಣೆಯಲ್ಲಿ ಚಾಕು ಇಳಿದಂತೆ ಹೋಗಿ ಕೂತಿತು.

ಮಾವನ ಬಾಯಿ ತೆರೆದೇ ಇತ್ತು. "ಇನ್ನೊಂದ್ಸಲ" ಅಂದರು. ನಾಲ್ಕರಿಂದ ಮೂರಕ್ಕೆ ಇಳಿಸಿದೆ. ಒಂದು ಸಲವಾದರೂ ಕರ್ರ್ ಅನ್ನಲಿ ಎಂದು ನಾನು ಬೇಡಿಕೊಂಡದ್ದು ಅದೇ ಮೊದಲು. ಅನ್ನಲಿಲ್ಲ.

"ಎಂಥ ಕೈ ಲೇ ನಿಂದು" ಅಂದರು ಮಾವ. ಅವರ ಕಣ್ಣು ಹೊಳೆಯುತ್ತಿತ್ತು. "ಮೂವತ್ ವರ್ಷ ಓಡ್ಸಿದೀನಿ, ಇಂಥದ್ ನೋಡಿಲ್ಲ." ಆಮೇಲೆ ನಿಧಾನವಾಗಿ, ಲೆಕ್ಕ ತಾಳೆ ನೋಡುವವರ ಹಾಗೆ, "ಆದ್ರೆ ನೋಡು, ಇಷ್ಟ್ ನಯವಾಗಿ ಬೀಳೋ ಗೇರು ರಿಂಗ್ ಯಾಕ್ ತಿಂತೈತೆ? ನೀನ್ ಮಾಡಿದ್ದು ನಿಜ ಇರ್ಬೋದು. ಕೆಡ್ಸಿದ್ದು ನಾನೇ" ಅಂದರು.

"ಹತ್ತರಲ್ಲಿ ಎರಡ್ ಸಲ ತಪ್ತಿತ್ತು ಮಾವ. ಸದ್ದು ಬರ್ದೇ ಇದ್ದಾಗ್ಲೂ ಒಳಗೆ ಸವೀತಾ ಇರ್ತೈತೆ."

"ಎಲ್ಲಿ ತಪ್ತು ಈಗ?"

ನನಗೆ ತಲೆ ಕೆಟ್ಟಿತು. ಆಕ್ಸಿಲರೇಟರ್ ಬಿಡದೆಯೇ ಲಿವರನ್ನು ಕಿತ್ತು ಮತ್ತೆ ಮೂರಕ್ಕೇ ಬಲವಾಗಿ ತಳ್ಳಿದೆ. ಇಡೀ ವಂಡಿ ಕಿರುಚಿತು. ಮಾವನ ಕೈ ನನ್ನ ಕೈ ಮೇಲೆ ಬಿತ್ತು, ಲಿವರ್ ಸಮೇತ ನ್ಯೂಟ್ರಲ್‌ಗೆ ಎಳೆದು ಹಿಡಿದರು.

"ಬೇಡ. ಬೇಕಂತ ಮಾಡ್ತಿದೀಯ ನೀನು. ನನ್ ಮನಸ್ ಉಳ್ಸಕ್ಕೆ ವಂಡಿ ಕೆಡ್ಸ್ಬೇಡ."

ಕಡಯಂಪಟ್ಟಿಯಲ್ಲಿ ಶೆಡ್ಡಿನ ಮುಂದೆ ನಿಲ್ಲಿಸಿದೆ. ಕಾಳಿಯಪ್ಪನ್‌ಗೂ ಎಲ್ಲ ಹೇಳಿದೆ. ಅವರು ಕೈ ಒರೆಸಿಕೊಳ್ಳುತ್ತಾ ಕೇಳಿದರು. ಹೌದು, ಕ್ಲಚ್ ಒತ್ತದೆ ಹಾಕಿದರೆ ಹೀಗೆ ಸವೆಯುತ್ತದೆ. ಅರ್ಧ ಒತ್ತಿದರೂ ಹೀಗೇ ಸವೆಯುತ್ತದೆ. ಹುಡುಗಿಯ ಕಾಲೋ ಮಾವನ ಕಾಲೋ ಎಂದು ಉಂಗುರದ ಮೇಲೆ ಬರೆದಿರುವುದಿಲ್ಲ. "ಅನ್ನಿಕ್ಕೇ ಸೊಲ್ಲಿಯಿರುಂದಾ ಮಾಮಾ ಕಾಲೈ ಪಾರ್ತಿರುಪ್ಪೇನ್" ಅಂದರು ನನಗೆ. ಆವತ್ತೇ ಹೇಳಿದ್ದರೆ ಮಾವನನ್ನು ಓಡಿಸಲು ಹೇಳಿ ಕ್ಲಚ್ ಮೇಲೆ ಕಾಲು ಹೇಗೆ ಬೀಳುತ್ತದೆ ಅಂತ ನೋಡುತ್ತಿದ್ದೆ ಅಂತ.

"ಈಗ್ ನೋಡಿ ಅಣ್ಣಾ" ಅಂದೆ. ಮಾವನನ್ನು ಡ್ರೈವರ್ ಸೀಟಿಗೆ ಬಲವಂತವಾಗಿ ಹತ್ತಿಸಿದೆವು. ಕೋಲು ನಾನು ಹಿಡಿದುಕೊಂಡೆ. ಮಾವ ಕ್ಲಚ್ ಮೇಲೆ ಕಾಲಿಟ್ಟರು. ಒತ್ತಿದರು. ಮಧ್ಯಕ್ಕೆ ಬಂದು ಕಾಲು ನಿಂತಿತು. ಎರಡು ತಿಂಗಳಿಂದ ಎಣ್ಣೆ, ದಿಂಬು, ಗೋಡೆ, ಕೋಲು ಎಂದು ಸಾಕಿದ ಕಾಲು. ತೊಡೆ ನಡುಗುವುದು ಪಂಚೆಯ ಮೇಲೆಯೇ ಕಾಣುತ್ತಿತ್ತು. ಮತ್ತೆ ಒತ್ತಿದರು. ಪೂರ್ತಿ ಇಳಿಯಲಿಲ್ಲ.

ಕಾಳಿಯಪ್ಪನ್ ನನ್ನ ಕಡೆ ನೋಡಲಿಲ್ಲ. ಮಾವ ಇಳಿದು ಬಂದು ಕೋಲಿಗೆ ಕೈ ಚಾಚಿದರು. "ನಾನ್ ಅಂದಿರ್ಲಿಲ್ವಾ" ಅಂದರು, ವಾದದಲ್ಲಿ ಗೆದ್ದವರ ಹಾಗೆ.

ಮುಂದಿನ ಸೋಮವಾರ ಮಾವ ಬರಲಿಲ್ಲ. ಅವ್ಳೊಬ್ಳೇ ಸಾಕು, ನಾನ್ ಯಾಕೆ ಸುಮ್ನೆ ಭಾರ ಅಂದರಂತೆ ಅಮ್ಮನ ಹತ್ತಿರ. ಕಾರಿಮಂಗಲದಲ್ಲಿ ಕೊನೆಯ ಹಾಸು ಮಾರಕ್ಕನ ಮನೆಯದು. ಆಕೆ ಬಾಗಿಲಲ್ಲೇ ನಿಂತು ವಂಡಿಯೊಳಗೆ ಇಣುಕಿದರು.

"ಎಲ್ಲಿ ನಿಮ್ ಮಾವ? ಓದ್ ವಾರ ಏನ್ ಬಡಾಯಿ ಕೊಚ್ತಿದ್ದ ಫೋನಲ್ಲಿ. ನಮ್ ಭುವನಾ ಕ್ಲಚ್ಚೇ ತುಳೀದೆ ಗೇರ್ ಆಕ್ತಾಳೆ, ಈ ಸೀಮೆಯಲ್ಲಿ ಯಾರ್ ಕೈಲೂ ಆಗಲ್ಲ ಅಂತ. ದಿಟವಾ?"

"ದಿಟ ಅಕ್ಕ" ಅಂದೆ. "ಅದ್ರಿಂದ ಗೇರ್‌ಬಾಕ್ಸ್ ಆಳಾಗೋಯ್ತು."

"ಎಲ್ಲಾರ ಉಂಟಾ. ಚೆನ್ನಾಗೇ ಬಂದೈತಲ್ಲ ವಂಡಿ" ಅಂದರು ಮಾರಕ್ಕ. ಹಾಸಿನ ಇನ್ನೊಂದು ತುದಿ ಹಿಡಿದುಕೊಂಡು ಒಳಗೆ ನಡೆದರು. ನಾನು ಈ ತುದಿ ಹಿಡಿದು ಹಿಂದೆ ಹೋದೆ.